ಮೂರನೆಯ ಸಾಲಿನಲ್ಲಿ ಎರಡು ಎಣಿಕೆ ಹೆಚ್ಚು

ಇಪ್ಪತ್ತು ದಿನದಲ್ಲಿ ಹನ್ನೊಂದು ಹಾಡು ಎಂದಾಗ ಅದು ದೊಡ್ಡ ಕೆಲಸವೆಂದು ನನಗೆ ಅನಿಸಲಿಲ್ಲ. ಒಂದೊಂದು ಹಾಡೂ ಒಂದೇ ಪುಟ. ಎಲ್ಲವೂ ಆರತಿ ಹಾಡುಗಳು. ದೆಹಲಿಯ ರೋಹಿಣಿಯಲ್ಲಿ ಮೂವತ್ತು ವರ್ಷದಿಂದ ಇಲ್ಲಿನ ಕನ್ನಡಿಗರ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದ ಟೀಚರೊಬ್ಬರು ತಮ್ಮ ತಾಯಿಯಿಂದ ಕಲಿತಿದ್ದವು. ಸಾಹಿತ್ಯ ಅವರ ನೋಟ್‌ಬುಕ್ಕಿನಲ್ಲಿತ್ತು. ಧಾಟಿ ಅವರ ಗಂಟಲಲ್ಲಿ ಮಾತ್ರ ಇತ್ತು. ಆ ಗಂಟಲಿಗೇ ಆಪರೇಷನ್ ನಿಗದಿಯಾಗಿತ್ತು. ಥೈರಾಯ್ಡ್ ಗಡ್ಡೆ ಧ್ವನಿಯ ನರಕ್ಕೆ ಅಂಟಿಕೊಂಡಿದೆ, ಗಡ್ಡೆ ತೆಗೆಯುತ್ತೇವೆ, ಧ್ವನಿ ಉಳಿಯುತ್ತದೋ ಇಲ್ಲವೋ ಹೇಳಲಾರೆವು ಎಂದಿದ್ದರು ಡಾಕ್ಟರು. ಅದಕ್ಕೆ ಮುಂಚೆ ಹಾಡುಗಳನ್ನು ಸ್ವರ ಹಾಕಿ ಪುಸ್ತಕ ಮಾಡಬೇಕೆಂದು ಶಿಷ್ಯರು ತೀರ್ಮಾನಿಸಿದರು. ಸ್ವರಲಿಪಿ ಜೋಡಿಸುವುದು ನಾನು ಮನೆಯಲ್ಲೇ ಕೂತು ಮಾಡುವ ಕೆಲಸವಾದ್ದರಿಂದ ನನ್ನನ್ನು ಕೇಳಿದರು.

ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಊಟದ ಮೇಜೇ ನನ್ನ ಆಫೀಸು. ಹಾಟ್‌ಕೇಸ್ ಒಂದು ಕಡೆ, ಲ್ಯಾಪ್‌ಟಾಪ್ ಒಂದು ಕಡೆ. ಆ ಸಲ ಸಂಕ್ರಾಂತಿಗೆ ಮುಂಚೆ ನನ್ನ ಅಮ್ಮ ತೀರಿಕೊಂಡಿದ್ದರು. ಅಳು ಬಂದಿರಲಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡುವ ಹಾಗಿರುತ್ತಿತ್ತು. ಹಾಲು ಕಾಯಿಸುವುದು, ಬಟ್ಟೆ ಮಡಿಸುವುದು, ಫೈಲು ತೆರೆಯುವುದು ಎಲ್ಲ ಒಂದೇ ಸಮ. ದಿನಚರಿ ಬರೆಯುವ ಅಭ್ಯಾಸ ಮಾತ್ರ ಬಿಟ್ಟಿರಲಿಲ್ಲ. ಹೋಳಿ ಹತ್ತಿರದ ಆ ದಿನಗಳ ಪುಟ ತೆಗೆದರೆ ಇಷ್ಟೇ ಇದೆ: "ಹುರುಳಿಕಾಯಿ ಪಲ್ಯ. ನೀರು ಏಳೂವರೆಗೇ ನಿಂತಿತು. ನಿ ಮೇಲಿನ ಚುಕ್ಕೆ ಇನ್ನೂ ಸರಿಹೋಗಿಲ್ಲ."

ಆ ಚುಕ್ಕೆಯಲ್ಲೇ ಮೊದಲ ವಾರ ಹೋಯಿತು.

ನಾನು ಬಳಸುವ ತಂತ್ರಾಂಶದಲ್ಲಿ ಸ್ವರವನ್ನು ಮೌಸಿನಿಂದ ಎಳೆದು ಕೂರಿಸುವುದಿಲ್ಲ. ಯಾವ ಸ್ವರ, ಎಷ್ಟು ಎಣಿಕೆ, ಅದರ ಕೆಳಗೆ ಯಾವ ಅಕ್ಷರ ಎಂದು ಸಾಲುಸಾಲಾಗಿ ಬರೆದುಕೊಟ್ಟರೆ ಅದೇ ಲೆಕ್ಕ ಹಾಕಿ ಪುಟ ಮಾಡಿಕೊಡುತ್ತದೆ. ಎಲ್ಲಾದರೂ ತಪ್ಪಿದ್ದರೆ ಪಕ್ಕದ ಕಿಟಕಿಯಲ್ಲಿ ಸಾಲಿನ ಸಂಖ್ಯೆ ಸಮೇತ ಎಚ್ಚರಿಕೆ ಬರೆಯುತ್ತದೆ. ಮೂಲತಃ ಅದು ಪಾಶ್ಚಾತ್ಯ ಸಂಗೀತದ ಐದು ಗೆರೆಗಾಗಿ ಮಾಡಿದ್ದು. ಆ ಗೆರೆಗಳನ್ನು ಅಡಗಿಸಿ, ಸ್ವರದ ಜಾಗದಲ್ಲಿ ಕನ್ನಡದ ಸರಿಗಮ, ಅದರ ಕೆಳಗೆ ಕನ್ನಡದಲ್ಲಿ ಸಾಹಿತ್ಯ, ಅದರ ಕೆಳಗೆ ಅದೇ ಸಾಹಿತ್ಯ ನಾಗರಿಯಲ್ಲಿ ಕೂರಿಸುವ ಒಂದು ಅಚ್ಚು ಮಾಡಿಟ್ಟುಕೊಂಡಿದ್ದೆ. ನಾಗರಿ ಯಾಕೆಂದರೆ ಇಲ್ಲಿ ಬೆಳೆದ ಮಕ್ಕಳು ಕನ್ನಡ ಹಾಡುತ್ತಾರೆ, ಓದುವುದು ಮಾತ್ರ ಹಿಂದಿ.

ತಾರಸ್ಥಾಯಿಯ ಸ್ವರಕ್ಕೆ ಮೇಲೊಂದು ಚುಕ್ಕೆ ಬೇಕು, ಮಂದ್ರಕ್ಕೆ ಕೆಳಗೊಂದು. ಸ, ಗ, ಮ, ಪ, ದ ತೊಂದರೆ ಕೊಡಲಿಲ್ಲ. ರಿ, ನಿ ಎರಡಕ್ಕೂ ತಲೆಯ ಮೇಲೆ ಗುಡಿಸು ಇದೆ. ಚುಕ್ಕೆ ಹೋಗಿ ಆ ಗುಡಿಸಿನೊಳಗೆ ಕೂತು ಕಾಣದಾಗುತ್ತಿತ್ತು. ಸರಿಪಡಿಸಲು ತಂತ್ರಾಂಶದ ಹೊಸ ಆವೃತ್ತಿ ಹಾಕಿಕೊಂಡೆ. ಅದು ಹಳೆಯ ಫೈಲುಗಳನ್ನು ತೆರೆಯಲೇ ಇಲ್ಲ. ಜೊತೆಗೆ ಬಂದಿದ್ದ ಪರಿವರ್ತನೆಯ ಸಲಕರಣೆಯಲ್ಲಿ ಒಂದೊಂದನ್ನೇ ಹಾಯಿಸಿದೆ. ತೆರೆದವು, ಆದರೆ ಫಾಂಟಿನ ಹೆಸರು ಹೇಳುವ ಆಜ್ಞೆ ಹೊಸದರಲ್ಲಿ ಬದಲಾಗಿತ್ತು. ಹೇಳಿದ ಫಾಂಟು ಸಿಗದೆ ಅದು ಬೇರೆ ಯಾವುದೋ ಹಾಕಿಕೊಂಡು, ನಿ ಒಡೆದು ನ ಬೇರೆ, ಗುಡಿಸು ಬೇರೆಯಾಗಿ, ನಡುವೆ ಒಂದು ಚುಕ್ಕೆಚುಕ್ಕೆಯ ವೃತ್ತ ಬಂತು. ಮೂರು ದಿನ ಅದನ್ನೇ ನೋಡುತ್ತ ಕೂತೆ. ಕೊನೆಗೆ ಅಕ್ಷರದ ಜೊತೆ ಚುಕ್ಕೆ ಟೈಪು ಮಾಡುವುದನ್ನೇ ಬಿಟ್ಟೆ. ಚುಕ್ಕೆಯನ್ನು ಬೇರೆ ಗುರುತಾಗಿ ಬರೆದು, ರಿ, ನಿ ಗಳಿಗೆ ಮಾತ್ರ ಕೂದಲೆಳೆಯಷ್ಟು ಮೇಲಕ್ಕೆ ಎತ್ತಲು ಹೇಳಿದೆ. ಕೂತಿತು.

ಪ್ರಿಂಟು ತೆಗೆಸಲು ಸೆಕ್ಟರ್ ಮಾರ್ಕೆಟ್ಟಿನ ಝೆರಾಕ್ಸ್ ಅಂಗಡಿಗೆ ಹೋದರೆ ಪುಟದ ತುಂಬ ಚೌಕಗಳು.

"ಮೇಡಂಜೀ, ಸಬ್ ಡಬ್ಬಾ ಡಬ್ಬಾ ಆ ರಹಾ ಹೈ. ಯೇ ಕೌನ್ ಸೀ ಭಾಷಾ ಹೈ?" ಎಂದ ಅಂಗಡಿಯವನು.

"ಕನ್ನಡ, ಭಯ್ಯಾ."

"ಅಚ್ಛಾ. ಕನ್ನಡ್ ಮೇ ಡಬ್ಬೇ ಹೋತೇ ಹೈಂ ಕ್ಯಾ?"

ಕನ್ನಡದಲ್ಲಿ ಡಬ್ಬಿಗಳಿರುವುದಿಲ್ಲ ಎಂದು ಹೇಳಿ ಮನೆಗೆ ಬಂದು, ಫಾಂಟನ್ನು ಪಿಡಿಎಫ್ ಒಳಗೇ ಸೇರಿಸುವ ಆಯ್ಕೆ ಹುಡುಕಿ ಹಾಕಿ, ಮತ್ತೆ ಹೋದೆ. ಎಂಟನೆಯ ದಿನ ಮೊದಲ ಹಾಡು ಹಾಳೆಯ ಮೇಲೆ ಬಂತು.

ಟೀಚರ್‌ಗೆ ಒಂದು ಕ್ರಮವಿತ್ತು. ನಾನು ಹೌಜ್ ಖಾಸ್‌ನಲ್ಲೊಮ್ಮೆ, ಕಶ್ಮೀರಿ ಗೇಟ್‌ನಲ್ಲೊಮ್ಮೆ ಮೆಟ್ರೋ ಬದಲಿಸಿ ರೋಹಿಣಿಗೆ ಹೋಗಬೇಕು. ಅವರು ಒಂದು ಹಾಡು ಹಾಡುತ್ತಾರೆ, ನಾನು ಫೋನಿನಲ್ಲಿ ಹಿಡಿದುಕೊಳ್ಳುತ್ತೇನೆ. ಮುಂದಿನ ಸಲ ಅದರ ಹಾಳೆ ಒಯ್ಯುತ್ತೇನೆ. ಅವರು ನೆನಪಿನಿಂದಲ್ಲ, ಹಾಳೆಯನ್ನೇ ನೋಡಿ ಹಾಡುತ್ತಾರೆ. ಸರಿಬಂದರೆ ಮೂಲೆಯಲ್ಲಿ "ಸರಿ" ಎಂದು ಬರೆದು ಸಹಿ. ಆಮೇಲೆಯೇ ಮುಂದಿನ ಹಾಡು.

"ಎಲ್ಲಾ ಒಟ್ಟಿಗೆ ಹಾಡಿಬಿಡಿ ಟೀಚರ್, ನಾನು ರೆಕಾರ್ಡ್ ಮಾಡ್ಕೋತೀನಿ" ಎಂದು ಮೊದಲ ದಿನವೇ ಹೇಳಿದ್ದೆ.

"ಒಂದು ಒಪ್ಪಿಸದೆ ಇನ್ನೊಂದು ಪಾಠ ನಾನು ಯಾರಿಗೂ ಕೊಟ್ಟಿಲ್ಲಮ್ಮ. ನೋಡಿ ಹಾಡಿದಾಗ ಹಾಡು ಬಂದ್ರೆ ಅದು ಬರಹ. ಬರದಿದ್ರೆ ಬರೀ ರಂಗೋಲಿ."

ಸಹಿಯಾದ ಹಾಡಿನ ರೆಕಾರ್ಡಿಂಗನ್ನು ನಾನು ಅಳಿಸಿಬಿಡುತ್ತಿದ್ದೆ. ನನ್ನ ಫೋನು ಹಳೆಯದು. ಅದರ ತುಂಬ ಅಮ್ಮನ ಫೋಟೋಗಳಿದ್ದವು, ಅವನ್ನು ತೆಗೆಯಲು ಕೈ ಬರುತ್ತಿರಲಿಲ್ಲ.

ಈಗ ನಾನು ಮಾಡಿದ್ದನ್ನು ಹೇಳಬೇಕು. ಮೊದಲ ಹಾಡನ್ನು ಬರೆದುಕೊಟ್ಟ ಕೂಡಲೇ ತಂತ್ರಾಂಶ ಎಚ್ಚರಿಕೆ ಕೊಟ್ಟಿತು: ಮೂರನೆಯ ಸಾಲಿನ ಕೊನೆಯಲ್ಲಿ ಎರಡು ಎಣಿಕೆ ಹೆಚ್ಚಾಗಿದೆ. ಹಾಡು ಆದಿತಾಳ; ಒಂದು ಸುತ್ತಿಗೆ ಎಂಟು ಎಣಿಕೆ. ಟೀಚರ್ ಮೂರನೆಯ ಸಾಲಿನ ಕೊನೆಯ ಸ್ವರದ ಮೇಲೆ ನಿಂತು ಹತ್ತು ಮಾಡಿದ್ದರು. ಅಲ್ಲಿಂದ ಮುಂದಿನ ತಾಳದ ಗೆರೆಗಳೆಲ್ಲ ಎರಡೆರಡು ಎಣಿಕೆ ಜರುಗಿ ಪುಟ ಸೊಟ್ಟಗಾಗಿತ್ತು. ವಯಸ್ಸಾಗಿದೆ, ಗಂಟಲು ನೋವು, ಉಸಿರು ತೆಗೆದುಕೊಂಡಿರಬೇಕು ಎಂದುಕೊಂಡು ಆ ಎರಡನ್ನು ಕತ್ತರಿಸಿದೆ. ಎಚ್ಚರಿಕೆ ಹೋಯಿತು. ಪುಟ ನೇರವಾಯಿತು. ಎರಡನೆಯ ಹಾಡಿನಲ್ಲಿ ಅದೇ ಜಾಗದಲ್ಲಿ ಮೂರು ಎಣಿಕೆ ಹೆಚ್ಚು. ಅದನ್ನೂ ಕತ್ತರಿಸಿದೆ. ಹೀಗೆ ಒಂದಲ್ಲ, ಏಳು ಹಾಡು. ಏಳರಲ್ಲೂ ಮೂರನೆಯ ಸಾಲಿನ ಕೊನೆಯಲ್ಲೇ ಯಾಕೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕತ್ತರಿಸುವ ಮುಂಚಿನ ಫೈಲನ್ನೂ ಉಳಿಸಲಿಲ್ಲ.

ನಮ್ಮ ಮನೆಯವರು ಒಂದು ಸಂಜೆ ಆಫೀಸಿನಿಂದ ಬಂದು ಟೀ ಲೋಟ ಹಿಡಿದು ಹಿಂದೆ ನಿಂತು ನೋಡಿದರು.

"ಏನೇ ಅದು, ಕೆಂಪಕ್ಷರ?"

"ಲೆಕ್ಕ ಕೂಡ್ತಿಲ್ಲ ಅಂತ ಹೇಳ್ತಿದೆ. ಕೂಡಿಸಿದ್ರೆ ಸುಮ್ಮನಾಗುತ್ತೆ."

"ಥೇಟ್ ನಮ್ಮ ಸೆಕ್ಷನ್ನು. ಕಾಲಂ ತುಂಬಿದ್ರೆ ಸಾಕು, ಏನು ತುಂಬಿದ್ದಾರೆ ಅಂತ ಯಾರೂ ನೋಡಲ್ಲ" ಎಂದು ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ.

ಟೀಚರ್ ಮೊದಲ ಹಾಳೆಯನ್ನು ನೋಡಿ ಹಾಡಿದ ದಿನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಕನ್ನಡಕ ಸರಿಮಾಡಿಕೊಂಡು, ಬಲಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತ ಶುರುಮಾಡಿದರು. ಮೂರನೆಯ ಸಾಲಿನ ಕೊನೆಗೆ ಬಂದು ನಿಂತರು. ಹಾಳೆ ನೋಡಿದರು.

"ಓ, ಇಲ್ಲಿ ನಿಲ್ಲೋ ಹಾಗಿಲ್ಲ ಅಲ್ವಾ?"

ನಾನು ಮುಂದಿನ ಹಾಡಿಗೆಂದು ಫೋನು ಕೈಗೆತ್ತಿಕೊಂಡೆ.

"ಅಚ್ಚಾಗಿ ಬಂದಿದೆ ಅಂದ್ಮೇಲೆ ಸರೀನೇ ಇರ್ಬೇಕು. ನಂದೇ ತಾಳ ತಪ್ಪಿದೆ ನೋಡು. ಮಕ್ಕಳಿಗೆ ತಪ್ಪಿದ್ರೆ ಬೈತಿದ್ದೆ." ಮತ್ತೆ ಮೊದಲಿನಿಂದ, ಈ ಸಲ ನಿಲ್ಲದೆ, ಹಾಳೆಯಲ್ಲಿದ್ದ ಹಾಗೇ ಹಾಡಿ, "ಸರಿ" ಎಂದು ಬರೆದು ಸಹಿ ಹಾಕಿದರು. ಐದನೆಯ ಹಾಡಿನ ಹೊತ್ತಿಗೆ ಅವರು ಆ ಜಾಗದಲ್ಲಿ ತಡವರಿಸುವುದೂ ನಿಂತಿತ್ತು. ಹೊಸದಾಗಿ ಹಾಡಿಕೊಡುವಾಗ ನಿಲ್ಲುತ್ತಿದ್ದರು, ಹಾಳೆ ನೋಡಿ ಹಾಡುವಾಗ ಇಲ್ಲ.

ಆಪರೇಷನ್‌ಗೆ ಮೂರು ದಿನ ಉಳಿದಿತ್ತು. ಭಾನುವಾರ. ನಾನು ಏಳನೆಯ ಹಾಳೆ ಒಯ್ದಿದ್ದೆ, ಅದಕ್ಕೆ ಸಹಿಯಾದರೆ ಎಂಟನೆಯದು. ಟೀಚರ್ ಮಗಳು ಅವತ್ತು ಮನೆಯಲ್ಲಿದ್ದಳು. ನಲವತ್ತರ ಹೆಂಗಸು, ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ, ಅಲ್ಲೇ ವಾಸ. ಅಡುಗೆಮನೆಯಲ್ಲಿ ಆಸ್ಪತ್ರೆಗೆ ಒಯ್ಯುವ ಚೀಲ ತುಂಬುತ್ತಿದ್ದವಳು ಹಾಡು ಕೇಳಿ ಬಾಗಿಲಿಗೆ ಬಂದು ನಿಂತಳು. ಟೀಚರ್ ಹಾಳೆ ನೋಡಿ ಮೂರನೆಯ ಸಾಲು ಮುಗಿಸಿ ನಾಲ್ಕನೆಯದಕ್ಕೆ ಹೋದರು.

"ಅಮ್ಮಾ, ಕುಂಕುಮ ಯಾವಾಗ ಇಡ್ತೀಯ?" ಎಂದಳು ಮಗಳು.

"ಏನು ಕುಂಕುಮ?"

"ಅಲ್ಲಮ್ಮಾ, ನನ್ನ ಬರ್ತ್‌ಡೇಗೆ, ಮದುವೇಲಿ, ಯಾವಾಗ ಆರತಿ ಎತ್ತಿದ್ರೂ ಅಲ್ಲಿ ನಿಲ್ಲಿಸಿ ನನ್ನ ಹಣೆಗೆ ಕುಂಕುಮ ಇಡ್ತಿದ್ದೆ. ಇಟ್ಟಾದ್ಮೇಲೆ ಮುಂದಿನ ಸಾಲು. ಈಗ ಬುಲೆಟ್ ಟ್ರೇನ್ ಥರ ಹೋಗ್ಬಿಟ್ಟೆ?"

ಟೀಚರ್ ಬಾಯಿ ತೆರೆದು, ಹಾಳೆಯನ್ನು ನೋಡಿ, ನನ್ನನ್ನು ನೋಡಿದರು. ಬೈಗುಳದ ನೋಟವಲ್ಲ. ಯಾವುದು ಸರಿ ಎಂದು ಕೇಳುವ ನೋಟ. ಅದೇ ನನಗೆ ತಡೆಯಲಾಗಲಿಲ್ಲ. ತಡೆಯಲಾಗಲಿಲ್ಲ ಎಂದರೆ ಅಳು ಬಂತು ಎಂದಲ್ಲ.

"ಅದು ಇತ್ತು, ಟೀಚರ್. ಏಳರಲ್ಲೂ ಇತ್ತು. ನಾನೇ ತೆಗೆದೆ" ಎಂದೆ. "ತಾಳಕ್ಕೆ ಕೂಡ್ತಿರಲಿಲ್ಲ."

ಏಳನೆಯದನ್ನು ಬಿಟ್ಟು ಉಳಿದ ಆರರ ರೆಕಾರ್ಡಿಂಗ್ ಅಳಿಸಿದ್ದನ್ನೂ ಹೇಳಿದೆ. ಕೆಳಗೆ ತರಕಾರಿ ಗಾಡಿಯವನು ಬಟಾಣಿ ಕೂಗುತ್ತಿದ್ದ.

"ಎಷ್ಟು ಹೊತ್ತು ನಿಲ್ತಿದ್ದೆ ನಾನು?" ಎಂದು ಟೀಚರ್ ತಮ್ಮನ್ನೇ ಕೇಳಿಕೊಂಡರು. ಹಾಡಿ ನೋಡಿದರು. ಒಮ್ಮೆ ನಾಲ್ಕು ಎಣಿಕೆಯಾಯಿತು, ಒಮ್ಮೆ ಒಂದೇ. ತಲೆ ಅಲ್ಲಾಡಿಸಿದರು. "ಬರ್ತಿಲ್ಲ. ಹಾಳೇದೇ ಕೂತ್ಬಿಟ್ಟಿದೆ. ಹೋಗ್ಲಿ ಬಿಡು, ಎಂಟನೇದು ಬರ್ಕೋ. ನಾಲ್ಕು ಉಳಿದಿದೆ."

ನಾಲ್ಕು ಹೊಸ ಹಾಡು, ಇಲ್ಲವೇ ಕೆಟ್ಟ ಏಳನ್ನು ಸರಿಮಾಡುವುದು. ಎರಡಕ್ಕೂ ಸಮಯವಿಲ್ಲ, ಮಂಗಳವಾರ ಆಸ್ಪತ್ರೆಗೆ ಸೇರಬೇಕು. ಹೊಸದು ಬರೆದುಕೊಂಡರೆ ಪುಸ್ತಕದಲ್ಲಿ ಹನ್ನೊಂದು ಹಾಡಿರುತ್ತದೆ, ಶಿಷ್ಯರು ಕೇಳಿದ್ದೂ ಅದನ್ನೇ. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

"ಹಳೇದೇ ಹಾಡಿ ಟೀಚರ್. ಕೂತು ಬೇಡ. ತಟ್ಟೆ ಹಿಡ್ಕೊಂಡು ಹಾಡಿ."

"ನಾನಾ?" ಅವರು ಕೈ ಹಿಂದಕ್ಕೆಳೆದುಕೊಂಡರು. "ಅವರು ಹೋದಮೇಲೆ ನಾನು ಆರತಿ ತಟ್ಟೆ ಮುಟ್ಟಿಲ್ಲ. ಒಂಬತ್ತು ವರ್ಷ. ಪಕ್ಕದಲ್ಲಿ ಕೂತು ಹಾಡ್ತೀನಿ, ಅಷ್ಟೇ."

"ಈಗ ಮುಟ್ಟಮ್ಮಾ. ಯಾರು ನೋಡ್ತಾರೆ? ಇರೋದು ಈ ಅಕ್ಕನ ಲ್ಯಾಪ್‌ಟಾಪ್ ಒಂದು, ಅದೂ ಮುಚ್ಚಿದೆ" ಎಂದಳು ಮಗಳು. ಒಳಗೆ ಹೋಗಿ ಸ್ಟೀಲಿನ ತಟ್ಟೆಗೆ ಅರಿಶಿನ, ಸುಣ್ಣದ ನೀರು ಕಲಸಿ ಕೆಂಪು ಮಾಡಿ, ಒಂದು ದೀಪ, ಕುಂಕುಮದ ಭರಣಿ ಇಟ್ಟು ತಂದಳು. ತಾನೇ ಮಣೆ ಹಾಕಿಕೊಂಡು, ನೈಟಿಯ ಮೇಲೊಂದು ದುಪಟ್ಟಾ ಹೊದ್ದು ಕೂತಳು. "ಚಲೋ, ನಾನು ರೆಡಿ. ಹನ್ನೊಂದನೇ ಕ್ಲಾಸ್ ಪಾಸಾದ ಮಗಳು ಅಂದ್ಕೋ."

ಆರತಿ ತಟ್ಟೆಗೆ ಇಬ್ಬರು ಬೇಕು. ಮದುವೆಯಾದ ಹೆಣ್ಣಿಗೆ ಸೂತಕ ಮೂರೇ ದಿನವೆಂದು ನಮ್ಮಲ್ಲಿ ಹೇಳಿದರೂ, ವರ್ಷ ತುಂಬುವವರೆಗೆ ಶುಭದ ಕೆಲಸಕ್ಕೆ ಮುಂದೆ ನಿಲ್ಲಬಾರದೆಂದು ನಾನೇ ಅಂದುಕೊಂಡಿದ್ದೆ. ಅದನ್ನು ಹೇಳಿದೆ.

"ಸರಿಹೋಯ್ತು" ಎಂದರು ಟೀಚರ್. "ಹಿಡೀಬಾರದವರಿಬ್ಬರೂ ಸೇರಿದ್ವಿ. ಹಿಡಿ."

ಹಿಡಿದೆವು. ಟೀಚರ್ ಮೊದಲ ಹಾಡು ಎತ್ತಿದರು. ತಟ್ಟೆ ನಿಧಾನಕ್ಕೆ ಸುತ್ತಿತು. ಮೂರನೆಯ ಸಾಲಿನ ಕೊನೆಯ ಸ್ವರ ಬಂದಾಗ ಅವರು ತಮ್ಮ ಬಲಗೈ ಬಿಟ್ಟರು. ತಟ್ಟೆಯ ಭಾರ ನನ್ನ ಕಡೆಗೆ ಬಂತು. ಸ್ವರ ನಿಲ್ಲಿಸದೆ ಭರಣಿಗೆ ಉಂಗುರ ಬೆರಳು ಅದ್ದಿ, ಮಗಳ ಹಣೆಗೆ ಕುಂಕುಮ ಇಟ್ಟು, ಬೆರಳನ್ನು ತಟ್ಟೆಯ ಅಂಚಿಗೆ ಒರೆಸಿ, ಮತ್ತೆ ಹಿಡಿದರು. ಭಾರ ಹಗುರಾಯಿತು. ನಾಲ್ಕನೆಯ ಸಾಲು. ಎಷ್ಟು ಎಣಿಕೆಯಾಯಿತೆಂದು ಎಣಿಸಲು ಹೋದೆ. ಬೆರಳು ಮಡಿಸಲಾಗಲಿಲ್ಲ. ಎರಡೂ ಕೈ ತಟ್ಟೆಯಲ್ಲಿದ್ದವು. ಈ ಹಾಡು ಹಾಡಿದ ಯಾವ ಹೆಂಗಸಿಗೂ ಅಲ್ಲಿ ತಾಳ ಹಾಕಲು ಕೈ ಖಾಲಿ ಇರಲಿಲ್ಲವೆಂದು ಆಗ ತಿಳಿಯಿತು.

ಏಳೂ ಹಾಡಾದವು. ಮಗಳ ಹಣೆಯ ತುಂಬ ಕುಂಕುಮ. "ಇನ್ನು ಜಾಗ ಇಲ್ಲಮ್ಮಾ, ಕೆನ್ನೆಗಿಡು" ಎಂದಳು. ನಡುನಡುವೆ ಟೀಚರ್ ನೀರು ಕುಡಿಯುತ್ತಿದ್ದರು. ಏಳನೆಯದರ ಹೊತ್ತಿಗೆ ಧ್ವನಿ ಗೊಗ್ಗರಾಗಿ, ಮೇಲಿನ ಸ್ವರ ಹತ್ತಲಿಲ್ಲ. ಎಂಟನೆಯದು ಶುರುಮಾಡಿದರು, ಕೆಮ್ಮು ಬಂತು. ಮಗಳು ಎದ್ದು ದೀಪ ಆರಿಸಿದಳು. "ಸಾಕು" ಎಂದಳು. ಈ ಸಲ ತಮಾಷೆಯ ದನಿಯಲ್ಲಲ್ಲ.

ಸೋಮವಾರ ಬೆಳಗ್ಗೆ ಕುಕ್ಕರ್ ಇಡುವ ಮೊದಲೇ ಮೇಜಿಗೆ ಕೂತೆ. ಮೊದಲು ಎರಡು, ಮೂರು ಎಂದು ಎಣಿಕೆ ಹಾಕಿ ನೋಡಿದೆ. ಹಾಕಿದಷ್ಟೂ ಸುಳ್ಳಾಗಿ ಕಂಡಿತು. ಎಣಿಸುವುದನ್ನೇ ನಿಲ್ಲಿಸಲು ಹೇಳುವ ಒಂದು ಆಜ್ಞೆ ಆ ತಂತ್ರಾಂಶದಲ್ಲಿದೆ. ಹಾಡುವವರು ತಮಗೆ ಬೇಕಾದಷ್ಟು ಹೊತ್ತು ನಿಂತು ಹಾಡುವ ಜಾಗಗಳಿಗಾಗಿ ಇಟ್ಟಿದ್ದಾರೆ. ಇಷ್ಟು ವರ್ಷದಲ್ಲಿ ನಾನು ಅದನ್ನು ಬಳಸಿರಲಿಲ್ಲ. ಮೂರನೆಯ ಸಾಲಿನ ಕೊನೆಯಲ್ಲಿ ಎಣಿಕೆ ನಿಲ್ಲಿಸು ಎಂದೂ ನಾಲ್ಕನೆಯ ಸಾಲಿನ ಮೊದಲಲ್ಲಿ ಮತ್ತೆ ಶುರುಮಾಡು ಎಂದೂ ಬರೆದೆ. ಎಚ್ಚರಿಕೆ ಬರಲಿಲ್ಲ. ಓದುವವರಿಗೆ ಗುರುತು ಬೇಕಲ್ಲ. ಸ್ವರವನ್ನು ಬೇಕಾದಷ್ಟು ಹಿಡಿಯಿರಿ ಎನ್ನಲು ಪಾಶ್ಚಾತ್ಯರದ್ದೊಂದು ಗುರುತಿದೆ, ಕಮಾನಿನ ಒಳಗೊಂದು ಚುಕ್ಕೆ. ಸ್ವರದ ಮೇಲೆ ಹಾಕಿದರೆ ಗುಡಿಸಿಗೆ ತಗಲುತ್ತಿತ್ತು. ಕೆಳಗೆ ಹಾಕಲು ಹೇಳಿದೆ. ಕೆಳಗೆ ಹಾಕಿದಾಗ ಅದು ತಾನಾಗಿಯೇ ತಲೆಕೆಳಗಾಗುತ್ತದೆ: ಕೆಳಗೆ ತಟ್ಟೆಯಂಥ ಗೆರೆ, ಅದರೊಳಗೆ ಒಂದು ಚುಕ್ಕೆ.

ಮಧ್ಯಾಹ್ನ ಏಳು ಹಾಳೆ ಒಯ್ದೆ. ಟೀಚರ್ ಮೊದಲನೆಯದನ್ನು ಕಣ್ಣಿನ ಹತ್ತಿರ ಹಿಡಿದು ಆ ಗುರುತಿನ ಮೇಲೆ ಉಗುರಿಟ್ಟರು.

"ದೀಪ ಹಚ್ಚಿಟ್ಟಿದ್ದೀಯಲ್ಲೇ."

ನೋಡಿ ಹಾಡಿದರು, ಪಿಸುದನಿಯಲ್ಲಿ, ಏಳನ್ನೂ. ಹಳೆಯ ಸಹಿಗಳ ಹಾಳೆಗಳನ್ನು ಹರಿದು ಬುಟ್ಟಿಗೆ ಹಾಕಿ, ಹೊಸದಕ್ಕೆ ಮತ್ತೆ "ಸರಿ" ಬರೆದರು. ಉಳಿದ ನಾಲ್ಕರ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವುಗಳ ಸಾಹಿತ್ಯ ಪುಸ್ತಕದ ಕೊನೆಯಲ್ಲಿ ಸ್ವರವಿಲ್ಲದೆ ಇದೆ. ಆ ದಿನದ ದಿನಚರಿಯಲ್ಲಿ ನಾನು ಬರೆದದ್ದು: "ಮೆಂತ್ಯದ ಸೊಪ್ಪು. ಏಳಾಯಿತು. ನಾಲ್ಕು ಹೋಯಿತು."

ಆಪರೇಷನ್ ಚೆನ್ನಾಗಿ ಆಯಿತು. ಧ್ವನಿ ಬರಲಿಲ್ಲ.

ಒಂದು ತಿಂಗಳ ಮೇಲೆ ಅಚ್ಚಿಗೆ ಹೋಗುವ ಮುಂಚಿನ ಪ್ರತಿ ಹಿಡಿದು ರೋಹಿಣಿಗೆ ಹೋದೆ. ಬಿಸಿಲು ಶುರುವಾಗಿತ್ತು, ಕೂಲರ್‌ಗೆ ಹೊಸ ಹುಲ್ಲು ಹಾಕಿದ್ದ ವಾಸನೆ. ಟೀಚರ್ ಕುತ್ತಿಗೆಗೆ ತೆಳು ಬಟ್ಟೆ ಸುತ್ತಿಕೊಂಡು ಕೂತಿದ್ದರು. ಮಾತಾಡಲು ಹೋದರೆ ಗಾಳಿ ಮಾತ್ರ ಬರುತ್ತಿತ್ತು. ಮಗಳ ಕಡೆ ಕೈ ತೋರಿಸಿದರು, ನೀನು ಹಾಡು ಎಂದು.

"ನಂಗೆ ಸರಿಯಾಗಿ ಬರಲ್ಲಮ್ಮಾ" ಎಂದಳು ಮಗಳು. ಆದರೂ ನಾಗರಿಯ ಸಾಲಿಗೆ ಬೆರಳಿಟ್ಟುಕೊಂಡು ಮೊದಲ ಹಾಡು ಶುರುಮಾಡಿದಳು. ಶ್ರುತಿ ಅಷ್ಟಕ್ಕಷ್ಟೇ. ಟೀಚರ್ ತೊಡೆಯ ಮೇಲೆ ತಾಳ ಹಾಕತೊಡಗಿದರು. ಒಂದು ತಟ್ಟು, ಮೂರು ಬೆರಳು, ತಟ್ಟಿ ತಿರುವು, ತಟ್ಟಿ ತಿರುವು. ಮೊದಲ ಸಾಲು, ಎರಡನೆಯ ಸಾಲು, ಎಲ್ಲೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇಲ್ಲ.

ಮೂರನೆಯ ಸಾಲಿನ ಕೊನೆಯಲ್ಲಿ ಮಗಳು ಸ್ವರ ಹಿಡಿದಳು. ಟೀಚರ್ ಕೈ ತೊಡೆಯಿಂದ ಮೇಲೆದ್ದು ಗಾಳಿಯಲ್ಲಿ ನಿಂತಿತು. ಉಂಗುರ ಬೆರಳು ಸ್ವಲ್ಪ ಮುಂದಕ್ಕೆ ಬಂದು, ಒಂದು ಕ್ಷಣ ಅಲ್ಲೇ ಒತ್ತಿ, ಹಿಂದಕ್ಕೆ ಹೋಯಿತು. ನಾನು ಎಣಿಸಲಿಲ್ಲ. ಕೈ ಕೆಳಗಿಳಿದು ತೊಡೆಗೆ ತಟ್ಟಿತು, ಮಗಳು ನಾಲ್ಕನೆಯ ಸಾಲು ಎತ್ತಿಕೊಂಡಳು.